ಆ್ಯಪ್ ಪಾಸ್‌ವರ್ಡ್ ಗಿಟ್‌ಕಾನ್ಫಿಗ್‌ನಲ್ಲಿ ಬರೆದಿಟ್ಟಿದ್ದೀರಾ? ಮೊದಲು ಇದನ್ನು ಓದಿ

ಗಿಟ್ ಸೆಂಡ್-ಇಮೇಲ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಿಂದಲೇ ಮೇಲ್ ಕಳಿಸುವ ಕಮಾಂಡ್) ಬಳಸುವವರು, ಈಗಷ್ಟೇ ಅದನ್ನು ಹೊಂದಿಸಲು ಕೂತವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾಲ್ಕು ಸಾಲಿನ ಪ್ಯಾಚ್ (ಕೋಡ್ ತಿದ್ದುಪಡಿ) ಒಂದನ್ನು ಕಳಿಸುವ ಅವಸರದಲ್ಲಿ ನನ್ನ ಇಡೀ ಮೇಲ್‌ಬಾಕ್ಸ್‌ನ ಬೀಗದ ಕೈ ಬೇರೆಯವರ ಪಾಲಾಯಿತು. ಅದರ ಹಿಂದೆಯೇ ನನ್ನ ಡೊಮೇನ್ ಹೋಯಿತು. ಅದನ್ನು ವಾಪಸ್ ಪಡೆಯಲು ಹನ್ನೊಂದು ದಿನ ಬೇಕಾಯಿತು.

ಲಿನಕ್ಸ್ ಕರ್ನಲ್‌ನಂಥ ಯೋಜನೆಗಳಿಗೆ ಪ್ಯಾಚ್ ಹೋಗುವುದು ಮೇಲ್ ಮೂಲಕ. ನಾನು ಕೈಹಾಕಿದ ಯೋಜನೆಯದೂ ಅದೇ ಪದ್ಧತಿ. ಟರ್ಮಿನಲ್‌ನಲ್ಲಿ ನನ್ನ ಮಾಮೂಲಿ ಪಾಸ್‌ವರ್ಡ್ ಕೊಟ್ಟೆ, ಸರ್ವರ್ ಒಪ್ಪಲಿಲ್ಲ. ಒಪ್ಪದಿರುವುದೇ ಈಗಿನ ನಿಯಮ. ಹೊರಗಿನ ಪ್ರೋಗ್ರಾಂಗಳು ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವುದನ್ನು ಗೂಗಲ್ ವೈಯಕ್ತಿಕ ಖಾತೆಗಳಲ್ಲಿ 2022ರ ಮೇ ತಿಂಗಳ ಕೊನೆಯಿಂದ ನಿಲ್ಲಿಸಿತು. ಔಟ್‌ಲುಕ್ ಡಾಟ್ ಕಾಮ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಅದು ನಡೆಯುವುದಿಲ್ಲ. ಹಾಗಾಗಿ ಎಷ್ಟೋ ಜನ ಮಾಡುವಂತೆ ನಾನೂ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಒಂದು ಆ್ಯಪ್ ಪಾಸ್‌ವರ್ಡ್ (ಹೊರಗಿನ ಪ್ರೋಗ್ರಾಂಗೆ ಕೊಡಲು ಮೇಲ್ ಸೇವೆಯೇ ಮಾಡಿಕೊಡುವ ಬೇರೆ ಪಾಸ್‌ವರ್ಡ್) ಪಡೆದೆ. ಎಲ್ಲೋ ಸಿಕ್ಕ ಮಾರ್ಗದರ್ಶಿಯೊಂದು ಹೇಳಿದಂತೆ ಅದನ್ನು ಗಿಟ್‌ನ ಸೆಟ್ಟಿಂಗ್‌ಗಳಿರುವ ಗಿಟ್‌ಕಾನ್ಫಿಗ್ ಫೈಲಿನಲ್ಲಿ, ಎಸ್‌ಎಂಟಿಪಿ-ಪಾಸ್ (ಎಸ್‌ಎಂಟಿಪಿ ಎಂದರೆ ಮೇಲ್ ಕಳಿಸುವ ವಿಧಾನ) ಸಾಲಿನಲ್ಲಿ, ಹಾಗೆಹಾಗೇ ಬರೆದಿಟ್ಟೆ.

ಆಗ ನನ್ನ ತಲೆಯಲ್ಲಿದ್ದ ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಅನೇಕರ ಲೆಕ್ಕವೂ ಅದೇ. 'ಇದು ನನ್ನ ನಿಜವಾದ ಪಾಸ್‌ವರ್ಡ್ ಅಲ್ಲ, ಗಿಟ್‌ನಿಂದ ಮೇಲ್ ಕಳಿಸಲು ಮಾತ್ರ ಮಾಡಿಸಿಕೊಂಡದ್ದು, ಹೋದರೂ ಅಷ್ಟೇನೂ ನಷ್ಟವಿಲ್ಲ.' ಇದು ಪೂರ್ತಿ ತಪ್ಪು. ಆ್ಯಪ್ ಪಾಸ್‌ವರ್ಡ್ ಮಾಡುವಾಗ ನಾವು ಕೊಡುವ 'ಗಿಟ್' ಎಂಬ ಹೆಸರು ನಮ್ಮ ಗುರುತಿಗೆ ಅಂಟಿಸಿದ ಚೀಟಿ, ಅಷ್ಟೆ. ಸಾಮಾನ್ಯವಾಗಿ ಅದೇ ಪಾಸ್‌ವರ್ಡ್ ಮೇಲ್ ಓದುವ ವಿಧಾನವಾದ ಐಮ್ಯಾಪ್‌ಗೂ ನಡೆಯುತ್ತದೆ. ಅಂದರೆ ಅದು ಸಿಕ್ಕವರು ನಿಮ್ಮ ಹೆಸರಲ್ಲಿ ಮೇಲ್ ಕಳಿಸುವುದಷ್ಟೇ ಅಲ್ಲ, ವರ್ಷಗಟ್ಟಲೆ ಹಳೆಯ ಮೇಲ್ ಓದಬಹುದು, ಬಂದದ್ದನ್ನು ಅಳಿಸಬಹುದು. ಎರಡನೇ ಹಂತದ ಕೋಡ್ ಅವರನ್ನು ಯಾರೂ ಕೇಳುವುದಿಲ್ಲ, ಆ ಹಂತವನ್ನು ದಾಟಿಸುವುದಕ್ಕೆಂದೇ ಇರುವ ಪಾಸ್‌ವರ್ಡ್ ಅದು.

ಸೋರಿದ್ದು ಎಲ್ಲಿಂದ ಎಂಬುದಕ್ಕೆ ಎರಡು ದಾರಿ ಕಾಣುತ್ತವೆ. ನನ್ನ ಸೆಟ್ಟಿಂಗ್ ಫೈಲುಗಳನ್ನೆಲ್ಲ ಒಂದು ರೆಪೊಸಿಟರಿಯಲ್ಲಿ (ಗಿಟ್ ಸಂಗ್ರಹದಲ್ಲಿ) ಸಾರ್ವಜನಿಕವಾಗಿ ಇಟ್ಟುಕೊಂಡಿದ್ದೆ. ಹೊಸ ಗಿಟ್‌ಕಾನ್ಫಿಗ್ ಕೂಡ ಎಂದಿನಂತೆ ಪುಶ್ ಆಯಿತು, ಅಂದರೆ ಅಲ್ಲಿಗೆ ಹೋಯಿತು. ಇನ್ನೊಂದು, ಸರ್ವರ್ ಜೊತೆ ಗುದ್ದಾಡುತ್ತಿದ್ದಾಗ ಎಸ್‌ಎಂಟಿಪಿ ಡೀಬಗ್ (ಸರ್ವರ್ ಜೊತೆಗಿನ ಮಾತುಕತೆಯನ್ನು ತೋರಿಸುವ ಆಯ್ಕೆ) ಆನ್ ಮಾಡಿ, ಬಂದ ಔಟ್‌ಪುಟ್ ಅನ್ನು ಸಹಾಯ ಕೇಳಲೆಂದು ಹಾಗೇ ಅಂಟಿಸಿದ್ದೆ. ಅದರಲ್ಲಿ ಆಥ್ ಎಂಬ ಪದದ ಮುಂದೆ ಅರ್ಥವಾಗದ ಒಂದು ಅಕ್ಷರಮಾಲೆ ಇತ್ತು. ಅದು ಗೂಢಲಿಪಿ ಎಂದುಕೊಂಡಿದ್ದೆ. ಅಲ್ಲ, ಅದು ಬೇಸ್64, ಅಕ್ಷರಗಳನ್ನು ಬೇರೆ ರೂಪದಲ್ಲಿ ಬರೆಯುವ ಕ್ರಮ ಅಷ್ಟೆ. ಯಾರು ಬೇಕಾದರೂ ಒಂದೇ ಕಮಾಂಡಿನಲ್ಲಿ ಬಿಚ್ಚಿ ಪಾಸ್‌ವರ್ಡ್ ಓದಬಹುದು. ಎರಡರಲ್ಲಿ ಯಾವುದು ಕಳ್ಳನ ಕೈಗೆ ಸಿಕ್ಕಿತೋ ಇಂದಿಗೂ ನನಗೆ ತಿಳಿದಿಲ್ಲ.

ಮೂರು ವಾರದ ಮೇಲೆ ಆ ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್ ಒಬ್ಬರು ಬರೆದರು: ನಿಮ್ಮ ವಿಳಾಸದಿಂದ ನಿಮ್ಮದಲ್ಲದ ಮೇಲ್‌ಗಳು ಬರುತ್ತಿವೆ, ನೋಡಿಕೊಳ್ಳಿ. ಅವರಿಗೆ ನಾನು ಋಣಿ. ಅಳಿಸಿದ ಮೇಲ್‌ಗಳ (ಟ್ರ್ಯಾಶ್) ಫೋಲ್ಡರ್ ತೆಗೆದಾಗ ಎದೆ ಧಸಕ್ಕೆಂದಿತು. ನಾನು ಕೇಳದ ಪಾಸ್‌ವರ್ಡ್ ರಿಸೆಟ್ ಮೇಲ್‌ಗಳು ಅಲ್ಲಿ ಓದಿ ಬಿಸಾಕಿದ ಸ್ಥಿತಿಯಲ್ಲಿದ್ದವು. ಡೊಮೇನ್ ನೋಂದಣಿ ಖಾತೆ ಕೈಬದಲಾಗಿತ್ತು, ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ನೇಮ್‌ಸರ್ವರ್‌ಗಳೂ ಬದಲಾಗಿದ್ದವು. ನನ್ನ ಕೋಡ್ ಇರುವ ಖಾತೆಗೂ ಅವರು ಪ್ರಯತ್ನಪಟ್ಟಿದ್ದಾರೆ, ಆದರೆ ಅಲ್ಲಿ ಯುಎಸ್‌ಬಿ ಭದ್ರತಾ ಕೀ ಇಟ್ಟಿದ್ದರಿಂದ ಅದೊಂದು ಉಳಿಯಿತು.

ಆಮೇಲೂ ಒಂದು ದೊಡ್ಡ ತಪ್ಪು ಮಾಡಿದೆ. ಗಾಬರಿಯಲ್ಲಿ ಮೊದಲು ಆ ಸಾಲನ್ನು ಅಳಿಸಿ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಹಾಕಿದೆ. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇತ್ತು. ಅದು ಹೊಳೆದ ಮೇಲೆ ಫಿಲ್ಟರ್-ರೆಪೊ ಎಂಬ ಸಾಧನ ಕಲಿತು ರೆಪೊಸಿಟರಿಯ ಇತಿಹಾಸ ತೊಳೆಯಲು ಕೂತೆ, ಎರಡು ಗಂಟೆ ಹೋಯಿತು. ಆ ಎರಡು ಗಂಟೆಯೂ ಪಾಸ್‌ವರ್ಡ್ ಜೀವಂತವಾಗಿಯೇ ಇತ್ತು! ನಿಮಗೆ ಇಂಥದ್ದಾದರೆ ಮೊದಲ ನಿಮಿಷದಲ್ಲೇ ಮೇಲ್ ಖಾತೆಗೆ ಹೋಗಿ ಆ ಆ್ಯಪ್ ಪಾಸ್‌ವರ್ಡ್ ರದ್ದು ಮಾಡಿ. ರೆಪೊಸಿಟರಿಯನ್ನು ಆಮೇಲೆ ನೋಡಿದರಾಯಿತು, ಅದು ಆಗಲೇ ಇನ್ನೊಬ್ಬರ ಯಂತ್ರದಲ್ಲಿ ಕ್ಲೋನ್ (ನಕಲು) ಆಗಿರಬಹುದು. ಗೂಗಲ್‌ನಲ್ಲಿ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೂ ರದ್ದಾಗುತ್ತವೆ. ಎಲ್ಲ ಸೇವೆಗಳಲ್ಲೂ ಹಾಗೆಂದು ನಂಬಿ ಕೂರಬೇಡಿ, ಪಟ್ಟಿ ತೆರೆದು ಕಣ್ಣಾರೆ ನೋಡಿ.

ಆ ಮಾರ್ಗದರ್ಶಿಯಲ್ಲಿ ಇನ್ನೊಂದು ಅಪಾಯ ಇತ್ತು, ಅದನ್ನು ಗಮನಿಸಿದ್ದು ತೀರ ತಡವಾಗಿ. ಟಿಎಲ್‌ಎಸ್ (ಸರ್ವರ್ ಜೊತೆಗಿನ ಗೂಢಲಿಪಿ ಸಂಪರ್ಕ) ದೋಷ ಬಂದರೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಪಾತ್ ಖಾಲಿ ಬಿಡಿ ಎಂದಿತ್ತು. ಗಿಟ್‌ನಲ್ಲಿ ಅದನ್ನು ಖಾಲಿ ಇಟ್ಟರೆ ಸರ್ವರ್ ಅಸಲಿಯೇ ಎಂದು ನೋಡುವ ಸರ್ಟಿಫಿಕೇಟ್ ಪರಿಶೀಲನೆಯೇ ನಿಂತುಹೋಗುತ್ತದೆ. ನಡುವೆ ಕೂತ ಯಾರಿಗಾದರೂ ನೀವೇ ಪಾಸ್‌ವರ್ಡ್ ಒಪ್ಪಿಸಿದಂತೆ. ನನ್ನ ನಿಜವಾದ ತೊಂದರೆ ಪೋರ್ಟ್‌ನದಾಗಿತ್ತು. 587ಕ್ಕೆ ಎನ್‌ಕ್ರಿಪ್ಶನ್ ಜಾಗದಲ್ಲಿ 'ಟಿಎಲ್‌ಎಸ್' ಎಂದೂ 465ಕ್ಕೆ 'ಎಸ್‌ಎಸ್‌ಎಲ್' ಎಂದೂ ಕೊಡಬೇಕು. ನಾನು ಅದಲುಬದಲು ಮಾಡಿದ್ದೆ.

ಈಗ ನನ್ನ ವ್ಯವಸ್ಥೆ ಬೇರೆ. ಫೈಲಿನಲ್ಲಿ ಪಾಸ್‌ವರ್ಡ್ ಸಾಲೇ ಇಲ್ಲ. ಅದಿಲ್ಲದಿದ್ದರೆ ಗಿಟ್ ಸೆಂಡ್-ಇಮೇಲ್ ತಾನಾಗಿ ಪಾಸ್‌ವರ್ಡ್ ಇಟ್ಟುಕೊಡುವ ಸಹಾಯಕ ಪ್ರೋಗ್ರಾಂ ಆದ ಕ್ರೆಡೆನ್ಶಿಯಲ್ ಹೆಲ್ಪರ್ ಅನ್ನು ಕೇಳುತ್ತದೆ. ಹೆಲ್ಪರ್ ಆರಿಸುವಾಗ 'ಸ್ಟೋರ್' ಎಂಬ ಹೆಸರಿಗೆ ಮೋಸ ಹೋಗಬೇಡಿ, ಅದು ಹೋಮ್ ಡೈರೆಕ್ಟರಿಯ ಇನ್ನೊಂದು ಫೈಲಿನಲ್ಲಿ ಬರೀ ಅಕ್ಷರಗಳಲ್ಲೇ ಬರೆದಿಡುತ್ತದೆ. 'ಕ್ಯಾಶ್' ಮೆಮೊರಿಯಲ್ಲಿ ಇಟ್ಟು ಹದಿನೈದು ನಿಮಿಷಕ್ಕೆ ಮರೆಯುತ್ತದೆ. ಲಿನಕ್ಸ್‌ನಲ್ಲಿ ಲಿಬ್‌ಸೀಕ್ರೆಟ್, ಮ್ಯಾಕ್‌ನಲ್ಲಿ ಕೀಚೈನ್ ಹೆಲ್ಪರ್ ಇವೆ. ಮೇಲ್ ಕಳಿಸುವ ಎಂಎಸ್‌ಎಂಟಿಪಿ ಎಂಬ ಪ್ರೋಗ್ರಾಂ ಬಳಸುವವರಿಗೆ ಪಾಸ್‌ವರ್ಡ್-ಇವಾಲ್ ಸಾಲು ಇದೆ. ಬೇಕಾದ ಹೊತ್ತಿಗೆ ಮಾತ್ರ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ತೆಗೆದುಕೊಡುವಂತೆ ಹೇಳಬಹುದು. ಕಮಾಂಡಿನ ಜೊತೆಗೇ ಪಾಸ್‌ವರ್ಡ್ ಟೈಪ್ ಮಾಡುವುದನ್ನೂ ಬಿಡಿ, ಶೆಲ್ ಹಿಸ್ಟರಿಯಲ್ಲಿ (ಟೈಪ್ ಮಾಡಿದ ಕಮಾಂಡುಗಳ ದಾಖಲೆಯಲ್ಲಿ) ಉಳಿದುಬಿಡುತ್ತದೆ.

ಪಾಸ್‌ವರ್ಡ್ ಬದಲು ಟೋಕನ್ ಕೊಡುವ ವಿಧಾನವಾದ ಓಆಥ್‌ಗೆ ಹೋದರೆ ಚಿಂತೆಯಿಲ್ಲ ಎನ್ನುವವರಿಗೆ ಒಂದು ಮಾತು. ಆಕ್ಸೆಸ್ ಟೋಕನ್ ಬೇಗ ಸಾಯುತ್ತದೆ ನಿಜ, ಆದರೆ ಯಂತ್ರದಲ್ಲಿ ಉಳಿಯುವುದು ಹೊಸ ಆಕ್ಸೆಸ್ ಟೋಕನ್ ತಂದುಕೊಡುವ ರಿಫ್ರೆಶ್ ಟೋಕನ್. ಜಿಮೇಲ್‌ನಲ್ಲಿ ಎಸ್‌ಎಂಟಿಪಿಗೆ ಓಆಥ್ ಬಳಸಲು ಕೊಡಬೇಕಾದ ಅನುಮತಿ ಇಡೀ ಮೇಲ್‌ಬಾಕ್ಸ್‌ನದು. ಮೈಕ್ರೋಸಾಫ್ಟ್‌ನಲ್ಲಿ ಕಳಿಸುವುದಕ್ಕಷ್ಟೇ ಪ್ರತ್ಯೇಕ ಅನುಮತಿ ಇದೆ. ಫಾಸ್ಟ್‌ಮೇಲ್‌ನಲ್ಲಿ ಆ್ಯಪ್ ಪಾಸ್‌ವರ್ಡನ್ನೇ ಎಸ್‌ಎಂಟಿಪಿಗೆ ಸೀಮಿತಗೊಳಿಸಬಹುದು. ನೀವು ಕೊಡುತ್ತಿರುವುದು ಕಳಿಸುವ ಅಧಿಕಾರವೋ ಓದುವ ಅಧಿಕಾರವೋ ಎಂದು ಒಪ್ಪಿಗೆ ಒತ್ತುವ ಮೊದಲು ಓದಿ ನೋಡಿ. ನಾನಂತೂ ಪ್ಯಾಚ್‌ಗಳಿಗೆಂದೇ ಬೇರೆ ವಿಳಾಸ ಮಾಡಿಕೊಂಡಿದ್ದೇನೆ. ಬೇರೆ ಯಾವ ಖಾತೆಯ ರಿಸೆಟ್ ಮೇಲ್ ಕೂಡ ಆ ವಿಳಾಸಕ್ಕೆ ಬರುವುದಿಲ್ಲ.

ನಿಮ್ಮ ಸೆಟ್ಟಿಂಗ್ ಫೈಲುಗಳ ರೆಪೊಸಿಟರಿ ಸಾರ್ವಜನಿಕವಾಗಿದ್ದರೆ ಇವತ್ತೇ ಒಮ್ಮೆ ಗಿಟ್ ಲಾಗ್‌ನಲ್ಲಿ ಎಸ್‌ಎಂಟಿಪಿ-ಪಾಸ್ ಸಾಲನ್ನು ಹುಡುಕಿ. ಈಗಿನ ಫೈಲಿನಲ್ಲಿ ಇಲ್ಲವೆಂದು ಬಿಡಬೇಡಿ, ಹಳೆಯ ಕಮಿಟ್‌ಗಳನ್ನೂ ಎಲ್ಲ ಬ್ರಾಂಚ್‌ಗಳನ್ನೂ ಸೇರಿಸಿ ಹುಡುಕಿ. ಎಲ್ಲಿ ಕಂಡರೂ ಆ ಪಾಸ್‌ವರ್ಡ್ ರದ್ದು ಮಾಡಿ, ಅದು ಎಷ್ಟೇ ಹಳೆಯದಾಗಿರಲಿ.