ಮೂರು ಡೈವ್ ಲೈಟು, ಮೂರು ವರ್ಷ: ಎಲ್ಲಿ ಕಟ್ಟಿದರೆ ಕೈಗೆ ಸಿಗುತ್ತದೆ?

ಗಂಗಾವತಿ ಹತ್ತಿರ ನಮ್ಮ ಸೋದರಮಾವನ ತೋಟದಲ್ಲಿ ಹಳೆಯ ಕಲ್ಲುಕಟ್ಟಿನ ಬಾವಿ ಇದೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ನಾನು ಈಜು ಕಲಿತದ್ದು ಅಲ್ಲೇ. 2022ರಲ್ಲಿ ಟೆಕ್ನಿಕಲ್ ಡೈವಿಂಗ್‌ಗೆಂದು (ನೇರ ಮೇಲೆ ಬರಲಾಗದ ಗುಹೆ, ಆಳಗಳಿಗೆ ಇಳಿಯುವ ಡೈವಿಂಗ್) ಲೈಟ್ ಸೆಟ್ ಕೊಂಡಾಗ ಮೊದಲು ಇಳಿಸಿದ್ದೂ ಅದೇ ಬಾವಿಗೆ. ಬೆನ್ನಿಗೆ ಜೋಡಿ ಸಿಲಿಂಡರ್ ಏರಿಸುತ್ತಿದ್ದವನನ್ನು ನೋಡಿ ಮಾವ ಕೇಳಿದ್ದು, "ಅಲ್ಲೋ, ಒಂದು ಬ್ಯಾಟ್ರಿ ಸಾಲಂಗಿಲ್ಲೇನು? ಮೂರು ಯಾಕ?"

ಬಾವಿಗೆ ಒಂದು ಸಾಕು. ನೀರೊಳಗಿನ ಗುಹೆಯಲ್ಲಿ ತಲೆ ಮೇಲೆ ಬಂಡೆ ಇರುತ್ತದೆ, ನೇರ ಮೇಲೆ ಬರಲು ದಾರಿ ಇಲ್ಲ. ಹಾಗಾಗಿ ಒಂದು ಮುಖ್ಯ ಲೈಟು, ಎರಡು ಬ್ಯಾಕಪ್. ಉಳಿದೆರಡು ಕೆಟ್ಟರೂ ಮೂರನೆಯದೊಂದೇ ನಮ್ಮನ್ನು ಹೊರಗೆ ತರಬೇಕು.

ಕೊಂಡಾಗ ನನ್ನ ತಲೆಯಲ್ಲಿದ್ದದ್ದು ಲ್ಯೂಮೆನ್ ಲೆಕ್ಕ, ಅಂದರೆ ಬೆಳಕು ಎಷ್ಟು ಎಂಬುದು ಮಾತ್ರ. ಬ್ಯಾಕಪ್‌ಗಳನ್ನು ಎಡಸೊಂಟದ ಡಿ-ರಿಂಗ್‌ಗೆ (ಪಟ್ಟಿಯ ಮೇಲಿನ ಡಿ ಆಕಾರದ ಲೋಹದ ಬಳೆಗೆ) ಸಿಕ್ಕಿಸಿ ಜೋತುಬಿಟ್ಟಿದ್ದೆ. ಮೂರನೇ ಸಲ ಬಾವಿಗೆ ಇಳಿದಾಗ ಒಂದು ಲೈಟು ಪಂಪಿನ ನೈಲಾನ್ ಹಗ್ಗಕ್ಕೆ ಸಿಕ್ಕಿಕೊಂಡಿತು. ಅದಕ್ಕೆ ನಾನು ಹಾಕಿದ್ದು ಬೀಗದ ಕೈಗೊಂಚಲಿಗೆ ಹಾಕುವಂಥ, ಒತ್ತಿದರೆ ಒಳಕ್ಕೆ ತೆರೆಯುವ ಕ್ಲಿಪ್ಪು. ಹಗ್ಗ ತಾನೇ ಒಳಗೆ ನುಗ್ಗಿತ್ತು. ಸೊಂಟದ ಹಿಂಭಾಗ ನನ್ನ ಕಣ್ಣಿಗೆ ಬೀಳದು, ಮುದುರಿದ ಕೈಗೂ ಎಟುಕದು. ಜೊತೆಗಾರ ಬಂದು ಬಿಡಿಸಿದ. ಎರಡು ಆಳು ನೀರು, ಮೇಲೆ ತೆರೆದ ಆಕಾಶ, ಆದರೂ ಎದೆ ಹೊಡೆದುಕೊಂಡಿತ್ತು.

ಅಂದಿನಿಂದ ಆ ಕ್ಲಿಪ್ಪು ಬಿಟ್ಟೆ. ಈಗ ಬೋಲ್ಟ್ ಸ್ನ್ಯಾಪ್ ಎಂಬ ಕೊಕ್ಕೆ ಮಾತ್ರ, ಹೆಬ್ಬೆರಳಲ್ಲಿ ಎಳೆದರಷ್ಟೇ ತೆರೆಯುತ್ತದೆ. ಅದನ್ನು ಲೈಟಿಗೆ ಲೋಹದ ಬಳೆಯಿಂದ ಜೋಡಿಸದೆ ದಾರದಿಂದ ಕಟ್ಟಿದ್ದೇನೆ. ಕಚ್ಚಿಕೊಂಡರೆ ಚಾಕುವಿನಿಂದ ಕತ್ತರಿಸಬಹುದು, ಲೋಹವಾದರೆ ಕತ್ತರಿಸುವುದೆಂತು?

2023ರಲ್ಲಿ ಮೆಕ್ಸಿಕೋದ ತುಲುಮ್‌ನಲ್ಲಿ ಗುಹೆ ತರಬೇತಿ ಪಡೆದಾಗ ಉಳಿದದ್ದು ಸರಿಹೋಯಿತು. ಬ್ಯಾಕಪ್‌ಗಳು ಈಗ ಎದೆಯ ಎರಡು ಪಟ್ಟಿಗಳ ಮೇಲೆ ಒಂದೊಂದು. ಡಿ-ರಿಂಗ್‌ಗೆ ಸ್ನ್ಯಾಪ್, ಮುಖ ಕೆಳಕ್ಕೆ, ಮೈಗೆ ಅಂಟಿದಂತೆ ರಬ್ಬರ್ ಬಳೆ. ಕೆಳಮುಖವಾಗಿದ್ದರೆ ಅಕಸ್ಮಾತ್ ಹೊತ್ತಿಕೊಂಡರೂ ನನಗೆ ಕಾಣುತ್ತದೆ, ಎದುರಿನವನ ಕಣ್ಣಿಗೆ ರಾಚುವುದಿಲ್ಲ. ಸ್ನ್ಯಾಪ್ ಬಿಚ್ಚುವ ಮೊದಲೇ ಲೈಟು ಹೊತ್ತಿಸಿಕೊಳ್ಳಬೇಕು, ಕೈಜಾರಿದರೂ ಕತ್ತಲಲ್ಲಿ ಕಳೆದುಹೋಗದು.

ಮುಖ್ಯ ಲೈಟಿನ ಬ್ಯಾಟರಿ ಡಬ್ಬಿ ಬಲಸೊಂಟದ ಪಟ್ಟಿಯಲ್ಲಿ, ದೀಪ ಎಡಗೈ ಹಿಂಬದಿಯಲ್ಲಿ ಗುಡ್‌ಮನ್ ಹ್ಯಾಂಡಲ್ ಎಂಬ, ಕೈಗೆ ತೊಡಿಸಿಕೊಳ್ಳುವ ಹಿಡಿಯ ಮೇಲೆ. ಬಲಗೈ ಖಾಲಿ ಇರಲೇಬೇಕು. ಗಾಳಿ ಮುಗಿದವನಿಗೆ ಬಾಯಲ್ಲಿರುವ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡಲು ಕೊಡುವ ಸಾಧನ) ತೆಗೆದುಕೊಡುವುದು ಆ ಕೈಯೇ. ಅದರ ಹೋಸ್ (ಗಾಳಿಯ ಕೊಳವೆ) 2 ಮೀಟರಿಗೂ ಉದ್ದ, ಡಬ್ಬಿಯ ಕೆಳಗಿನಿಂದ ಬಂದು ಎದೆ ದಾಟಿ ಕತ್ತಿನ ಹಿಂದೆ ಸುತ್ತುತ್ತದೆ. ಲೈಟಿನ ವೈರು ಈ ಹೋಸಿನ ಮೇಲೆ ಬಿದ್ದರೆ ಕೊಡಬೇಕಾದ ಹೊತ್ತಿಗೆ ಹೋಸು ಬಿಚ್ಚಿಕೊಳ್ಳುವುದಿಲ್ಲ. ಹೊಸಬರು ಲೈಟು ಕೊಂಡ ದಿನವೇ ಈ ಹೋಸು ಬಿಚ್ಚಿ ಕೊಡುವುದನ್ನು ಅಂಗಳದಲ್ಲಿ ನಿಂತು ಹತ್ತು ಸಲ ಮಾಡಿ ನೋಡಲಿ ಎಂದು ಕೈಮುಗಿದು ಹೇಳುತ್ತೇನೆ. ಹೆಲ್ಮೆಟ್ ಮೇಲಿನ ಲೈಟು ನನಗೆ ಒಗ್ಗಲಿಲ್ಲ. ಜೊತೆಗಾರನ ಕಡೆ ತಿರುಗಿದಾಗಲೆಲ್ಲ ಅವನ ಕಣ್ಣು ಕುಕ್ಕುತ್ತದೆ. ಬೆಳಕೇ ನಮ್ಮ ಮಾತು: ನಿಧಾನವಾಗಿ ವೃತ್ತ ಬಿಡಿಸಿದರೆ ಎಲ್ಲ ಸರಿ, ಅತ್ತಿತ್ತ ಜೋರಾಗಿ ಬೀಸಿದರೆ ಅಪಾಯ. ಆ ಮಾತು ಕೈಯಿಂದಲೇ ಸ್ಪಷ್ಟ.

ರಬ್ಬರ್ ಬಳೆ ನಮ್ಮೂರ ಸೈಕಲ್ ಶಾಪಿನ ಹಳೆ ಟ್ಯೂಬು ಕತ್ತರಿಸಿದ್ದು. ಕೆಲಸಕ್ಕೆ ಚೊಕ್ಕ, ಆದರೆ ನಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಬೇಗ ಬಿರುಕು ಬಿಡುತ್ತದೆ. ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಬದಲಿಸುತ್ತೇನೆ. ಲಿಥಿಯಂ ಬ್ಯಾಟರಿಯನ್ನೂ ಬೇಸಿಗೆಯಲ್ಲಿ ಕಾರಿನೊಳಗೆ ಬಿಡುವುದಿಲ್ಲ. ಬಳಸದ ತಿಂಗಳುಗಳಲ್ಲಿ ಅರ್ಧ ಚಾರ್ಜ್‌ನಲ್ಲಿ, ಮನೆಯ ತಂಪು ಜಾಗದಲ್ಲಿ. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು.

ಮುಖ್ಯ ಲೈಟು ಹೊಸದರಲ್ಲಿ 4 ಗಂಟೆ 10 ನಿಮಿಷ ಉರಿಯಿತು, ಈಗ 3 ಗಂಟೆ 25 ನಿಮಿಷ. ಬಕೆಟ್ ನೀರಿನಲ್ಲಿ ದೀಪ ಮುಳುಗಿಸಿ ಅಳೆದದ್ದು. ನೀರಿಲ್ಲದೆ ಉರಿಸಿದರೆ ದೀಪ ಕಾದುಹೋಗುತ್ತದೆ. ನನ್ನ ಡೈವ್ 90 ನಿಮಿಷ ದಾಟದ ಕಾರಣ ಇನ್ನೂ ನೆಮ್ಮದಿ.

ಕೊರತೆ ಇಲ್ಲದಿಲ್ಲ. ವೈರು ಡಬ್ಬಿಗೆ ಸೇರುವಲ್ಲಿ ಎರಡನೇ ವರ್ಷವೇ ಪೆಡಸಾಯಿತು, ಬದಲಿ ತರಿಸಲು ನಾಲ್ಕು ತಿಂಗಳು ಕಾದೆ. ಬ್ಯಾಕಪ್‌ಗಳು ಲೈಟಿನ ತಲೆಭಾಗ ತಿರುಗಿಸಿ ಹೊತ್ತಿಸುವಂಥವು. ಆರಿಸುವಾಗ ಅರೆಬರೆ ಸಡಿಲಿಸಿದರೆ ಆಳದ ಒತ್ತಡಕ್ಕೆ ತಲೆ ಒಳಸರಿದು ತಾನಾಗಿ ಹೊತ್ತಿಕೊಳ್ಳುತ್ತದೆ. ನನಗೆ ಒಮ್ಮೆ ಹಾಗಾಗಿದೆ. ಇನ್ನೂ ಒಂದು ಸುತ್ತು ಬಿಚ್ಚಿಡಬೇಕು, ಆದರೆ ಪೂರ್ತಿ ಬಿಚ್ಚಿದರೆ ನೀರು ನುಗ್ಗುತ್ತದೆ. ನೀರು ತಡೆಯುವ ರಬ್ಬರ್ ಓ-ರಿಂಗ್ ಮೇಲೆ ಒಂದು ಕೂದಲೆಳೆ ಕೂತರೂ ಅದೇ ಗತಿ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದಾಗ ಊರಲ್ಲಿ ಹಲವರು ಕೇಳಿದರು, "ನಿನ್ನ ಲೈಟು ಅಲ್ಲಿ ನಡೀತದೇನು?" ನಡೆಯುವುದಿಲ್ಲ. ಮಳೆಗಾಲದ ಕೆಂಪು ನೀರಲ್ಲಿ ಎಷ್ಟು ಬೆಳಕು ಬಿಟ್ಟರೂ ಮಣ್ಣಿನ ಕಣಕ್ಕೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಅಣೆಕಟ್ಟಿನ ಕೆಲಸ ಮಾಡುವ ಡೈವರ್‌ಗಳ ತರಬೇತಿಯೇ ಬೇರೆ, ಸಾಮಾನೇ ಬೇರೆ.

ಮತ್ತೆ ಕೊಳ್ಳುವುದಾದರೆ ಇದೇ ಸೆಟ್ ಕೊಳ್ಳುತ್ತೇನೆ, ಜೊತೆಗೆ ಒಂದು ಬದಲಿ ವೈರು ಮೊದಲೇ ತರಿಸಿಟ್ಟುಕೊಳ್ಳುತ್ತೇನೆ. ಕಳೆದ ಭಾನುವಾರವೂ ಬಾವಿಗೆ ಇಳಿದಿದ್ದೆ. ಕಣ್ಣು ಮುಚ್ಚಿಕೊಂಡು ಎಡ ಬ್ಯಾಕಪ್, ಬಲ ಬ್ಯಾಕಪ್, ಒಂದೊಂದೇ ಕೈಯಲ್ಲಿ ತೆಗೆದು ಮತ್ತೆ ಸಿಕ್ಕಿಸಿದೆ. ಬಲಗಡೆಯದು ಇನ್ನೂ ತಡವಾಗುತ್ತಿದೆ.