ಮೆಕ್ಸಿಕೊದ ಸೆನೋಟೆ ಡೈವ್: ದುಡ್ಡು ಕೊಡುವುದು ಗುಹೆಗಲ್ಲ, ಗೈಡ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಓಪನ್ ವಾಟರ್ ಸರ್ಟಿಫಿಕೇಟ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ್ದು) ಇದೆ, ನೀರೊಳಗೆ ಕೈಕಾಲು ಬಡಿಯದೆ ಒಂದೇ ಮಟ್ಟದಲ್ಲಿ ತೇಲುವುದು ಗೊತ್ತಿದೆ ಅಂದರೆ, ಮೆಕ್ಸಿಕೊದ ಯುಕಟಾನ್ ಪರ್ಯಾಯ ದ್ವೀಪದ ಕಡೆ ಹೋದಾಗ ಬೀಚಿನಲ್ಲಿ ಒಂದು ದಿನ ಕಡಿಮೆ ಮಾಡಿ, ಆ ದಿನವನ್ನು ಸೆನೋಟೆ, ಅಂದರೆ ನೀರು ತುಂಬಿದ ಗುಹೆಯ ಡೈವ್‌ಗೆ ಇಡಿ. ದುಡ್ಡು ಜಾಸ್ತಿನೇ. ಎರಡು ಡೈವ್, ಗಾಡಿ, ಟ್ಯಾಂಕ್, ಬಾಡಿಗೆ ಸಾಮಾನು ಎಲ್ಲ ಸೇರಿ ತಲೆಗೆ 200 ಡಾಲರ್ ಹತ್ತಿರ ಬಂತು. ಆದರೂ ಕೊಟ್ಟದ್ದಕ್ಕೆ ನನಗೆ ಸ್ವಲ್ಪವೂ ಬೇಜಾರಿಲ್ಲ. ಡಲ್ಲಾಸ್, ಹೂಸ್ಟನ್ ಕಡೆ ಇರುವ ನಮ್ಮವರು ರಜೆ ಸಿಕ್ಕರೆ ಅಲ್ಲಿನ ಕಾನ್‌ಕೂನ್‌ಗೆ ಹೋಗುವುದು ಮಾಮೂಲಿ, ಅಮೆರಿಕದ ಚಾಲ್ತಿ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾನೂ ಬೇಕಾಗಿಲ್ಲ, ಆದರೆ ರೆಸಾರ್ಟ್ ಬಿಟ್ಟು ಈಚೆ ಬರುವವರು ಕಡಿಮೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಯುಕಟಾನ್ ಪೂರ್ತಿ ಸುಣ್ಣದಕಲ್ಲಿನ ನೆಲ. ಮೇಲೆ ಹೊಳೆ ಹಳ್ಳ ಅಂತ ಇಲ್ಲವೇ ಇಲ್ಲ ಅನ್ನಬಹುದು. ಬಿದ್ದ ಮಳೆಯೆಲ್ಲ ಕಲ್ಲಿನೊಳಗೆ ಇಳಿದು, ಅಡಿಯಲ್ಲಿ ಗುಹೆ ಕೊರೆದು, ಅಲ್ಲೇ ಹರಿಯುತ್ತದೆ. ಆ ಗುಹೆಯ ಸೂರು ಎಲ್ಲಾದರೂ ಕುಸಿದು ಬಾಯಿ ತೆರೆದರೆ ಅದೇ ಸೆನೋಟೆ. ನಾವು ಇಳಿದದ್ದು ಎರಡು ಕಡೆ. ಬೆಳಗ್ಗೆ ತುಲುಮ್ ಹತ್ತಿರದ ಡೋಸ್ ಓಹೋಸ್, ಆಮೇಲೆ ಪ್ಲಾಯಾ ಡೆಲ್ ಕಾರ್ಮೆನ್ ಕಡೆಗೆ ವಾಪಸ್ ಬರುವ ದಾರಿಯಲ್ಲಿ ಕುಕುಲ್ಕಾನ್. ಈ ಕ್ರಮ ಗೈಡ್‌ದೇ. ಡೋಸ್ ಓಹೋಸ್‌ಗೆ ಜನ ಬರುವ ಮೊದಲೇ ಹೋಗಿ ಮುಗಿಸಬೇಕು, ಕುಕುಲ್ಕಾನ್‌ಗೆ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಸೇರಬೇಕು ಅಂತ ಅವರ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು.

ಬುಕ್ ಮಾಡುವಾಗಲೇ ಡೈವ್ ಅಂಗಡಿಯವರು ವಾಟ್ಸಾಪ್‌ನಲ್ಲಿ ಸುಮಾರು ಪ್ರಶ್ನೆ ಕೇಳಿದರು. ಯಾವ ಸರ್ಟಿಫಿಕೇಟ್, ಕೊನೆಯ ಡೈವ್ ಯಾವಾಗ, ರಾತ್ರಿ ಡೈವ್ ಮಾಡಿದ್ದೀರಾ, ಇಕ್ಕಟ್ಟಿನ ಜಾಗದಲ್ಲಿ ಭಯ ಆಗುತ್ತದಾ, ಕಿವಿ ಮೂಗಿನ ತೊಂದರೆ ಇದೆಯಾ. ದುಡ್ಡಿನ ಮಾತು ಬಂದದ್ದು ಇದೆಲ್ಲ ಆದ ಮೇಲೆ. ನನಗೆ ಅಲ್ಲೇ ನಂಬಿಕೆ ಬಂತು. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿದ್ದೇವೆ ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರಿಗೊಂದು ಮಾತು. ಅಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಟ್ಯಾಂಕ್ ಹಿಡಿದುಕೊಂಡೇ ಕರೆದುಕೊಂಡು ಹೋಗುವ ಟ್ರಯಲ್ ಡೈವ್ ಇದಕ್ಕೆ ಸಾಲದು. ಅದೇ ನೇತ್ರಾಣಿಯಲ್ಲಿ ಪೂರ್ತಿ ಓಪನ್ ವಾಟರ್ ಕೋರ್ಸ್ ಮಾಡಿದ್ದರೆ ಆ ಕಾರ್ಡ್ ಇಲ್ಲಿ ನಡೆಯುತ್ತದೆ. ಆದರೆ ಕಾರ್ಡ್ ಇದ್ದರಷ್ಟೇ ಆಗಲಿಲ್ಲ, ಆರೇಳು ಡೈವ್ ಮಾಡಿ ಬಿಟ್ಟವರು ಮೊದಲು ಸಮುದ್ರದಲ್ಲಿ ಒಂದೆರಡು ಸಲ ಇಳಿದು, ಕೈ ಪಳಗಿಸಿಕೊಂಡು ಬರುವುದೇ ಒಳ್ಳೆಯದು.

ಇನ್ನು ಗೈಡ್. ಈ ವಿಮರ್ಶೆಯ ಮುಖ್ಯ ವಿಷಯ ಇದೇ.

ಸಮುದ್ರದಲ್ಲಿ ಏನೇ ಆದರೂ ನಿಧಾನವಾಗಿ ಮೇಲೆ ಬಂದುಬಿಡಬಹುದು. ಇಲ್ಲಿ ಮೇಲೆ ಕಲ್ಲು. ಬಂದ ದಾರಿಯಲ್ಲೇ ಹೊರಗೆ ಹೋಗಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ನಿಯಮಗಳು ಕಟ್ಟುನಿಟ್ಟು. ಪ್ರವಾಸಿಗರನ್ನು ಕರೆದುಕೊಂಡು ಹೋಗುವುದು ಹಗಲ ಬೆಳಕು ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ, ಗಾಳಿ ಸಿಗುವ ಜಾಗದಿಂದ 60 ಮೀಟರ್ ದಾಟುವಂತಿಲ್ಲ. ಒಬ್ಬ ಗೈಡ್‌ಗೆ ಹೆಚ್ಚೆಂದರೆ ನಾಲ್ಕು ಜನ. ಗೈಡ್‌ಗೆ ಪೂರ್ತಿ ಕೇವ್ ಡೈವಿಂಗ್ ಸರ್ಟಿಫಿಕೇಟ್ ಇರಬೇಕು, ನಮ್ಮ ಹಾಗೆ ಮಾಮೂಲಿ ಸ್ಕೂಬಾದ್ದು ಸಾಲದು. ನಮ್ಮ ಗೈಡ್ ಅವರದನ್ನು ಕೇಳುವ ಮೊದಲೇ ತೋರಿಸಿದರು. ಅವರು ಎರಡು ಟ್ಯಾಂಕ್ ಹೊತ್ತಿದ್ದರು, ಉಸಿರಾಡಲು ಉದ್ದನೆಯ ಹೋಸ್‌ನ ಇನ್ನೊಂದು ರೆಗ್ಯುಲೇಟರ್, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡೆರಡು ಹೆಚ್ಚುವರಿ ಟಾರ್ಚ್. ನಮ್ಮ ಗುಂಪಿನಲ್ಲಿ ನಾವು ಮೂರೇ ಜನ.

ನೀರಿಗಿಳಿಯುವ ಮೊದಲು ಮರದ ಮೇಜಿನ ಹತ್ತಿರ ನಿಲ್ಲಿಸಿಕೊಂಡು, ಸಿಮೆಂಟ್ ನೆಲದ ಮೇಲೆ ಗುಹೆಯ ನಕ್ಷೆ ಗೀಚಿ ವಿವರಿಸಿದರು. ಗಾಳಿಯ ಲೆಕ್ಕ ಹೀಗೆ: ಟ್ಯಾಂಕ್‌ನಲ್ಲಿ ಮೂರರಲ್ಲಿ ಒಂದು ಪಾಲು ಒಳಗೆ ಹೋಗುವುದಕ್ಕೆ, ಒಂದು ಪಾಲು ಹೊರಗೆ ಬರುವುದಕ್ಕೆ, ಇನ್ನೊಂದು ಪಾಲನ್ನು ಮುಟ್ಟುವಂತಿಲ್ಲ. 200 ಬಾರ್ (ಟ್ಯಾಂಕ್‌ನ ಗಾಳಿಯ ಒತ್ತಡದ ಅಳತೆ) ಇದ್ದದ್ದು ಯಾರದಾದರೂ ಒಬ್ಬರದ್ದು 135 ಹತ್ತಿರ ಬಂತು ಅಂದರೆ ಎಲ್ಲರೂ ತಿರುಗಬೇಕು. ಮಿಕ್ಕವರದು ಎಷ್ಟೇ ಇರಲಿ. ಮಾತಾಡಲು ಆಗುವುದಿಲ್ಲವಲ್ಲ, ಟಾರ್ಚ್‌ನಲ್ಲೇ ಮಾತು. ಬೆಳಕನ್ನು ನಿಧಾನವಾಗಿ ಸುತ್ತು ಹಾಕಿದರೆ ಎಲ್ಲ ಸರಿ, ಅತ್ತಿಂದಿತ್ತ ಜೋರಾಗಿ ಆಡಿಸಿದರೆ ತೊಂದರೆ. ಸ್ನಾರ್ಕಲ್, ಕೈಗವಸು, ಚಾಕು ಯಾವುದೂ ಬೇಡ. ಕಾಲನ್ನು ಮೇಲೆ ಕೆಳಗೆ ಬಡಿಯಬಾರದು, ಮೊಣಕಾಲು ಮಡಚಿ ಕಪ್ಪೆಯ ಹಾಗೆ ಹಿಂದಕ್ಕೆ ಒದೆಯಬೇಕು. ಯಾಕೆಂದರೆ ತಳದಲ್ಲಿ ನಯವಾದ ಕೆಸರಿದೆ, ಒಂದು ಸಲ ಎದ್ದಿತು ಅಂದರೆ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಉದ್ದಕ್ಕೂ ದಪ್ಪ ಹಳದಿ ಹಗ್ಗ ಕಟ್ಟಿದ್ದಾರೆ, ಅದು ಯಾವಾಗಲೂ ಕಣ್ಣಳತೆಯಲ್ಲಿರಬೇಕು. ಇಷ್ಟೆಲ್ಲ ಹೇಳಿ ಸುಮ್ಮನಾಗಲಿಲ್ಲ, ಒಬ್ಬೊಬ್ಬರಿಂದಲೂ ತಿರುಗಿ ಹೇಳಿಸಿದರು. ನಮ್ಮ ಜೊತೆಗಿದ್ದವರಲ್ಲಿ ಒಬ್ಬರಿಗೆ ಸ್ವಲ್ಪ ಅವಸರ ಇತ್ತು, ಅವರಿಂದ ಎರಡು ಸಲ ಹೇಳಿಸಿದರು. ನನಗೆ ಇದು ತುಂಬಾ ಹಿಡಿಸಿತು.

ನೀರೊಳಗೆ ಇಳಿಯಲು ಕಟ್ಟಿಕೊಳ್ಳುವ ಸೀಸದ ತೂಕವನ್ನೂ ಅವರೇ ಕಡಿಮೆ ಮಾಡಿದರು. ಉಪ್ಪುನೀರು ನಮ್ಮನ್ನು ಜಾಸ್ತಿ ಮೇಲಕ್ಕೆತ್ತುತ್ತದೆ, ಸಿಹಿನೀರು ಅಷ್ಟು ಎತ್ತುವುದಿಲ್ಲ, ಆದ್ದರಿಂದ ಸಮುದ್ರಕ್ಕೆ ಕಟ್ಟಿಕೊಳ್ಳುವ ತೂಕದಲ್ಲಿ ಸುಮಾರು 2 ಕಿಲೋ ತೆಗೆಯಬೇಕಾಗುತ್ತದೆ. ಹೊರಟ ಮೇಲೆ ಮೊದಲ ಐದು ನಿಮಿಷ ತೆರೆದ ನೀರಿನಲ್ಲೇ ನಮ್ಮನ್ನು ಸುಮ್ಮನೆ ತೇಲಲು ಬಿಟ್ಟು, ಯಾರು ಹೇಗೆ ನಿಲ್ಲುತ್ತಾರೆ ಅಂತ ನೋಡಿದರು. ಆಮೇಲೇ ಒಳಗೆ.

ಡೋಸ್ ಓಹೋಸ್‌ನಲ್ಲಿ ಅಕ್ಕಪಕ್ಕ ಎರಡು ಬಾಯಿ, ಮರದ ಮೆಟ್ಟಿಲು ಇಳಿದು ಹೋಗಬೇಕು. ಆಳ ಜಾಸ್ತಿ ಇಲ್ಲ, 10 ಮೀಟರ್ ಒಳಗೇ. ನೀರು ವರ್ಷಪೂರ್ತಿ 24–25 ಡಿಗ್ರಿ. ನೀರು ಎಷ್ಟು ತಿಳಿ ಅಂದರೆ ಮುಂದಿರುವವರು ಗಾಳಿಯಲ್ಲಿ ತೇಲುತ್ತಿದ್ದಾರೆ ಅನ್ನಿಸುತ್ತದೆ, ಅವರ ಗುಳ್ಳೆಗಳು ಹೋಗಿ ಸೂರಿಗೆ ಅಂಟಿಕೊಂಡು ಪಾದರಸದ ಹಾಗೆ ಹರಿದಾಡುವುದನ್ನು ನೋಡಿದಾಗಲೇ ನೀರಿದೆ ಅಂತ ನೆನಪಾಗುವುದು. ಸೂರಿನಿಂದ ಕಲ್ಲಿನ ಕಡ್ಡಿಗಳು ಸಾವಿರಗಟ್ಟಲೆ ಇಳಿಬಿದ್ದಿವೆ. ಕೆಲವು ನನ್ನ ಮೈಗಿಂತ ದಪ್ಪ, ಕೆಲವು ಪೆನ್ಸಿಲ್‌ನಷ್ಟು ಸಣ್ಣ. ಒಂದರ ಹತ್ತಿರ ಗೈಡ್ ನಿಂತು ಟಾರ್ಚ್ ಬಿಟ್ಟರು. ತುದಿ ಮುರಿದಿತ್ತು. ಒಳಗೆ ಬಿಳಿ ಹರಳು, ಸುತ್ತ ವರ್ಷದ ಉಂಗುರಗಳಂಥ ಗೆರೆಗಳು, ನಡುವೆ ಸೂಜಿ ಹೋಗುವಷ್ಟು ತೂತು. ಒಂದು ಕಾಲಕ್ಕೆ ಆ ತೂತಿನಿಂದಲೇ ಹನಿ ಇಳಿಯುತ್ತಿತ್ತು.

ಹನಿ ತೊಟ್ಟಿಕ್ಕಬೇಕಾದರೆ ಗುಹೆಯಲ್ಲಿ ಗಾಳಿ ಇರಬೇಕು ಅಲ್ವಾ? ಇತ್ತು. ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರ್‌ನಷ್ಟು ಕೆಳಗಿತ್ತು. ಆಗ ಇವೆಲ್ಲ ಒಣಗಿದ ಗುಹೆಗಳು. ಹಿಮ ಕರಗಿ ಸಮುದ್ರ ಏರಿದ ಮೇಲೆ ನೀರು ತುಂಬಿತು, ಕಲ್ಲು ಬೆಳೆಯುವುದು ಅಲ್ಲಿಗೇ ನಿಂತಿತು. ಅಂದರೆ ಈಗ ಯಾರಾದರೂ ಕಾಲು ತಾಗಿಸಿ ಮುರಿದರೆ ಅದು ಮತ್ತೆ ಬೆಳೆಯುವುದೇ ಇಲ್ಲ. ಕೈ ಮುಟ್ಟಬೇಡಿ, ಕಾಲಿಗೆ ಹಾಕಿದ ಫಿನ್ ತಾಗಿಸಬೇಡಿ ಅಂತ ಅವರು ಅಷ್ಟು ಹೇಳಿದ್ದು ಇದಕ್ಕೆ. ಆ ಒಣ ಕಾಲದಲ್ಲಿ ಇಲ್ಲಿ ಮನುಷ್ಯರೂ ಓಡಾಡಿದ್ದಾರೆ. ನೆಲದಡಿಯ ಇದೇ ಗುಹೆಗಳ ಜಾಲದ ಓಯೋ ನೆಗ್ರೊ ಅನ್ನುವ ಗುಂಡಿಯಲ್ಲಿ 2007ರಲ್ಲಿ ಡೈವರ್‌ಗಳಿಗೆ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು, 12,000 ವರ್ಷಕ್ಕೂ ಹಳೆಯದು. ನಾಯಾ ಅಂತ ಹೆಸರಿಟ್ಟಿದ್ದಾರೆ. 2018ರಲ್ಲಿ ಡೋಸ್ ಓಹೋಸ್ ಪಕ್ಕದ ಸಾಕ್ ಆಕ್ತುನ್ ಜಾಲಕ್ಕೆ ಸೇರಿಕೊಂಡಿದೆ ಅಂತ ಗೊತ್ತಾದಾಗ ಒಟ್ಟು ಉದ್ದ 347 ಕಿಲೋಮೀಟರ್ ಆಯಿತು. ನಾವು ನೋಡುವುದು ಅದರ ಹೊಸ್ತಿಲನ್ನು ಮಾತ್ರ.

ಹೊಸ್ತಿಲು ಎಲ್ಲಿ ಮುಗಿಯುತ್ತದೆ ಅಂತ ತೋರಿಸುವ ಬೋರ್ಡನ್ನು ಮರೆಯಲು ಆಗುವುದಿಲ್ಲ. ಕುಡುಗೋಲು ಹಿಡಿದ ಸಾವಿನ ಚಿತ್ರ, ಇಲ್ಲಿಂದ ಮುಂದೆ ಹೋಗಬೇಡಿ, ಸಾಯುತ್ತೀರಿ ಅನ್ನುವ ಎಚ್ಚರಿಕೆ. ಅದರ ಆಚೆ ಪೂರ್ತಿ ಕತ್ತಲು. ಗೈಡ್ ಆ ಬೋರ್ಡ್ ಮೇಲೆ ಬೆಳಕು ಬಿಟ್ಟು, ನಮ್ಮ ಮೂವರ ಮುಖವನ್ನೂ ನೋಡಿ, ಹಳದಿ ಹಗ್ಗದ ಕಡೆಗೆ ಕೈ ತೋರಿಸಿ ತಿರುಗಿದರು. ಆ ದಾರಿಯಲ್ಲೇ ಒಂದು ಕಡೆ ಪ್ಲಾಸ್ಟಿಕ್ ಮೊಸಳೆ ಬಾರ್ಬಿ ಗೊಂಬೆಯನ್ನು ಕಚ್ಚಿಕೊಂಡಿರುವ ಹಾಗೆ ಇಟ್ಟಿದ್ದಾರೆ, ಆ ದಾರಿಯ ಹೆಸರೇ ಬಾರ್ಬಿ ಲೈನ್. ಎಲ್ಲರೂ ಫೋಟೊ ತೆಗೆಯುತ್ತಾರೆ. ಅಂಥ ಜಾಗದಲ್ಲಿ ಪ್ಲಾಸ್ಟಿಕ್ ಇಡುವುದು ನನಗೇನೋ ಸರಿಬರಲಿಲ್ಲ.

ನಡುವೆ ಊಟ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿಡಿ. ಬೀನ್ಸ್ ಮತ್ತು ಟೋರ್ಟಿಯಾ ಎಲ್ಲೆಡೆ ಸಿಗುತ್ತದೆ, ಆದರೆ ಅರೆದ ಬೀನ್ಸ್‌ಗೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಬಿಡಿಸಿ ಕೇಳಬೇಕು. ಹಬನೆರೊ ಮೆಣಸಿನಕಾಯಿ ಚಟ್ನಿ ಕೊಟ್ಟರು. ಖಾರ ತಿನ್ನುವ ನಮ್ಮವರಿಗೂ ಜೋರೇ, ರುಚಿ ಚೆನ್ನಾಗಿದೆ.

ಕುಕುಲ್ಕಾನ್ ಬೇರೆಯೇ ಅನುಭವ. ಇಲ್ಲಿ ಕಲ್ಲಿನ ಅಲಂಕಾರ ಕಡಿಮೆ, ಬೆಳಕು ಜಾಸ್ತಿ. ಕಾಡಿನ ಮರಗಳ ಸಂದಿಯಿಂದ ಇಳಿದ ಬಿಸಿಲು ನೀರೊಳಗೆ ಬಿಳಿ ಪರದೆಗಳಾಗಿ ನೇರ ತಳದವರೆಗೆ ಇಳಿಯುತ್ತದೆ, ಮೇಲೆ ಎಲೆ ಅಲ್ಲಾಡಿದರೆ ಕೆಳಗೆ ಪರದೆಯೂ ಅಲ್ಲಾಡುತ್ತದೆ. ಇನ್ನಷ್ಟು ಕೆಳಗೆ ಹೋದರೆ ಸಿಹಿನೀರು ಮುಗಿದು ಸಮುದ್ರದ ಉಪ್ಪುನೀರು ಶುರು. ಉಪ್ಪುನೀರು ಭಾರ, ಅದಕ್ಕೆ ಕೆಳಗೆ ಕೂರುತ್ತದೆ. ಎರಡೂ ಸೇರುವ ಮಟ್ಟದಲ್ಲಿ ಕಣ್ಣು ಪೂರ್ತಿ ಮಂಜಾಗಿಬಿಡುತ್ತದೆ. ಸಕ್ಕರೆ ಪಾಕಕ್ಕೆ ನೀರು ಸುರಿದಾಗ ಕಲಸಿ ಕಾಣುವುದಿಲ್ಲವಾ, ಹಾಗೆ. ಮಾಸ್ಕ್‌ಗೆ ಮಂಜು ಹಿಡಿಯಿತು ಅಂತ ಮೊದಲ ಸಲ ಅನ್ನಿಸುವುದು ಸಹಜ. ಗೈಡ್ ಇದನ್ನು ಮೊದಲೇ ಹೇಳಿ, ಅಲ್ಲಿ ನನ್ನ ಹಿಂದೆ ನೇರವಾಗಿ ಬರಬೇಡಿ, ಸ್ವಲ್ಪ ಪಕ್ಕಕ್ಕೆ ಬನ್ನಿ ಅಂದಿದ್ದರು. ಮುಂದಿನವರ ಫಿನ್ ನೀರನ್ನು ಕಲಸುತ್ತದೆ, ಪಕ್ಕದಲ್ಲಿದ್ದರೆ ತಿಳಿಯಾಗೇ ಇರುತ್ತದೆ. ಒಂದಡಿ ಕೆಳಗಿಳಿದ ಕೂಡಲೆ ಮತ್ತೆ ಎಲ್ಲ ಸ್ಪಷ್ಟ. ಈಗ ತಲೆ ಮೇಲೆ ತೆಳುವಾದ ಇನ್ನೊಂದು ನೀರಿನ ಮೇಲ್ಮೈ ಕಾಣುತ್ತದೆ, ಉಪ್ಪುನೀರು ಒಂದೆರಡು ಡಿಗ್ರಿ ಬೆಚ್ಚಗೂ ಇರುತ್ತದೆ. ನಾನು ಆ ಗಡಿಯಲ್ಲಿ ಕೈ ಆಡಿಸಿ ಆಡಿಸಿ ನೋಡಿದೆ, ಸಾಕೆನಿಸಲಿಲ್ಲ.

ಸರಿಯಿಲ್ಲದ್ದನ್ನೂ ಹೇಳಬೇಕು. ಸೆನೋಟೆಯ ಪ್ರವೇಶ ಶುಲ್ಕ ಅಂಗಡಿಯವರು ಹೇಳಿದ ದರದಲ್ಲಿ ಸೇರಿರಲಿಲ್ಲ. ಗೇಟ್‌ನಲ್ಲಿ ಪೆಸೊ ನಗದು ಕೊಡಬೇಕಾಯಿತು, ಕ್ಯಾಮೆರಾಗೆ ಬೇರೆ ದುಡ್ಡು. ಇದನ್ನು ಬುಕ್ ಮಾಡುವಾಗ ದೊಡ್ಡದಾಗಿ ಬರೆಯಬೇಕಿತ್ತು, ಎಲ್ಲೋ ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದರು. ಬಾಡಿಗೆ ವೆಟ್‌ಸೂಟ್ 5 ಮಿಲಿಮೀಟರ್‌ದೇ ಆದರೂ ಹಳೆಯದು, ಮೊಣಕಾಲಿನ ಹತ್ತಿರ ತೆಳುವಾಗಿತ್ತು. 25 ಡಿಗ್ರಿ ಅಂದರೆ ಏನು ಮಹಾ ಚಳಿ ಅನ್ನಿಸಬಹುದು, ಮುಕ್ಕಾಲು ಗಂಟೆ ಅಲ್ಲಾಡದೆ ತೇಲುತ್ತಿದ್ದರೆ ಎರಡನೆಯ ಡೈವ್ ಹೊತ್ತಿಗೆ ನಡುಕ ಬರುತ್ತದೆ. ತಲೆಗೆ ಹುಡ್ ಕೇಳಿ ಪಡೆಯಿರಿ.

ಇದಕ್ಕಿಂತ ಕಡಿಮೆ ದರ ಹೇಳಿದ ಇನ್ನೊಂದು ಅಂಗಡಿಯವರನ್ನು, ಒಬ್ಬ ಗೈಡ್‌ಗೆ ಎಷ್ಟು ಜನ ಅಂತ ಕೇಳಿದ್ದೆ. ಆರು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಏನೂ ಆಗುವುದಿಲ್ಲ ಅಂದರು. ಅಲ್ಲಿಗೇ ಬಿಟ್ಟೆ. ನೀವೂ ಬಿಡಿ. ಐವತ್ತು ಡಾಲರ್ ಉಳಿಸುವ ಜಾಗ ಇದಲ್ಲ. ಎಷ್ಟು ಜನ, ಗೈಡ್‌ಗೆ ಕೇವ್ ಸರ್ಟಿಫಿಕೇಟ್ ಇದೆಯಾ, ಎರಡು ಟ್ಯಾಂಕ್ ಹೊರುತ್ತಾರಾ, ಗಾಳಿಯ ಲೆಕ್ಕ ಮೂರು ಪಾಲಾ ಅಂತ ನೇರವಾಗಿ ಕೇಳಿ. ಒಳ್ಳೆಯ ಗೈಡ್‌ಗಳು ಈ ಪ್ರಶ್ನೆಗೆ ಖುಷಿಪಡುತ್ತಾರೆ.

ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚಿಕೊಂಡು ಇಳಿಯುವಂತಿಲ್ಲ, ಮೊದಲು ಸ್ನಾನ ಮಾಡಬೇಕು. ಇದನ್ನು ದಯವಿಟ್ಟು ಪಾಲಿಸಿ. ಮೇಲೆ ಹೊಳೆ ಇಲ್ಲದ ಊರು, ಜನ ಕುಡಿಯುವುದು ಇದೇ ನೆಲದಡಿಯ ನೀರು. ಟ್ರೆನ್ ಮಾಯಾ ರೈಲು ಮಾರ್ಗಕ್ಕಾಗಿ ಇದೇ ಸೀಮೆಯ ಕೆಲವು ಗುಹೆಗಳ ಸೂರು ಕೊರೆದು ಉಕ್ಕಿನ ಕಂಬ ಇಳಿಸಿ ಕಾಂಕ್ರೀಟ್ ತುಂಬಿದ್ದಾರೆ. ಸ್ಥಳೀಯ ಡೈವರ್‌ಗಳು ಅದನ್ನು ಚಿತ್ರ ಸಮೇತ ಹೊರಗೆ ತಂದರು. ಆ ಚಿತ್ರಗಳಲ್ಲಿ ಕಲ್ಲಿನ ಕಡ್ಡಿಗಳ ಮಧ್ಯೆ ತುಕ್ಕು ಬಣ್ಣದ ಕಂಬಗಳ ಸಾಲು ನೋಡಿ, ಆಮೇಲೆ ಇಲ್ಲಿ ಇಳಿದರೆ ಹೊಟ್ಟೆ ಉರಿಯುತ್ತದೆ.

ನೆಗಡಿ ಇದ್ದರೆ ಹೋಗಬೇಡಿ. ಆಳ ಕಡಿಮೆ ಅಂತ ಕಿವಿಗೆ ಸುಲಭ ಅಂದುಕೊಳ್ಳಬೇಡಿ, ಗುಹೆಯಲ್ಲಿ ದಾರಿ ಏರಿಳಿಯುತ್ತಲೇ ಇರುತ್ತದೆ, ಕಿವಿ ಮತ್ತೆ ಮತ್ತೆ ಬಿಡಿಸಿಕೊಳ್ಳುತ್ತಲೇ ಇರಬೇಕು. ಮುಚ್ಚಿದ ಜಾಗದ ಭಯ ಇರುವವರು ಅದೇ ಡೋಸ್ ಓಹೋಸ್‌ನಲ್ಲಿ ಸ್ನಾರ್ಕಲ್ ಮಾಡಬಹುದು, ಮೇಲಿನಿಂದಲೇ ಬಹಳಷ್ಟು ಕಾಣುತ್ತದೆ. ಇನ್ನು ವಿಮಾನ: ಎರಡು ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ಹಾರುವಂತಿಲ್ಲ, ಆದ್ದರಿಂದ ಇದನ್ನು ಪ್ರವಾಸದ ಮಧ್ಯಕ್ಕೆ ಇಟ್ಟುಕೊಂಡು ಕೊನೆಯ ದಿನ ತುಲುಮ್‌ನ ಸಮುದ್ರದಂಡೆಯ ಮಾಯಾ ಕೋಟೆ ನೋಡಿ. ಅಲ್ಲಿ ನೆರಳು ಕಡಿಮೆ, ಬೆಳಗ್ಗೆ ಬೇಗ ಹೋಗಿ.