ನಾನು ಮಾರಿದ ಜೂಮ್, ಉಳಿಸಿಕೊಂಡ ಎರಡು ಪುಟ್ಟ ಲೆನ್ಸ್

ಮೊದಲೇ ಹೇಳಿಬಿಡುತ್ತೇನೆ: ದೂರದ್ದನ್ನು ಹತ್ತಿರಕ್ಕೆ ಎಳೆಯುವ 70-200 ಎಂ.ಎಂ. ಜೂಮ್ ಲೆನ್ಸನ್ನು ನಾನು ಮಾರಿದ್ದೇನೆ. ಹಾಗಾಗಿ ತಕ್ಕಡಿ ಹಿಡಿದವನೇ ಒಂದು ತಟ್ಟೆಯ ಮೇಲೆ ಬೆರಳಿಟ್ಟಿದ್ದಾನೆ ಎಂದುಕೊಂಡೇ ಈ ಹೋಲಿಕೆಯನ್ನು ಓದಿ.

ಒಂದೇ ರಾಕ್ ತಂಡದ ಜೊತೆ ಎರಡು ವರ್ಷ, ಎರಡು ಪ್ರವಾಸ ಹೋಗಿಬಂದೆ. ಪ್ರತಿ ಸಲ ಮೂರು ವಾರ, ಹನ್ನೆರಡು ಕಾರ್ಯಕ್ರಮ, ಒಂದು ವ್ಯಾನ್. ಮೊದಲ ವರ್ಷ ಒಂದೇ ಕ್ಯಾಮೆರಾ, ಅದರ ಮೂತಿಗೆ ಎಫ್/2.8ರ ಆ ಜೂಮ್; ಅಗಲದ ಚಿತ್ರ ಬೇಕಾದರೆ ಇರಲಿ ಎಂದು ಚೀಲದ ತಳದಲ್ಲೊಂದು ಹಳೆಯ 28 ಎಂ.ಎಂ. ಲೆನ್ಸ್ (ಎಂ.ಎಂ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು). ಎರಡನೆಯ ವರ್ಷ ಜೂಮ್ ಮಾರಿದ ಹಣದಲ್ಲಿ ಜೂಮ್ ಆಗದ ಎರಡು ಲೆನ್ಸ್, ಎಫ್/1.8ರ 35, ಎಫ್/1.8ರ 85, ಜೊತೆಗೆ ನನ್ನಲ್ಲಿದ್ದ ಮಾದರಿಯದೇ ಒಂದು ಸೆಕೆಂಡ್ ಹ್ಯಾಂಡ್ ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ. ಒಂದನ್ನು ಕೊಟ್ಟು ಮೂರನ್ನು ತಂದೆ. ಕೈಯಿಂದ ಹಾಕಿದ್ದು ಅಲ್ಪ.

ಜೂಮ್ ಕೊಳ್ಳುವಾಗ ನನ್ನ ತಲೆ ನೆಟ್ಟಗೇ ಇತ್ತು. ರಾಕ್ ಕಾರ್ಯಕ್ರಮಗಳಲ್ಲಿ ಛಾಯಾಗ್ರಾಹಕರಿಗೆ ಸಾಮಾನ್ಯವಾಗಿ ಇರುವ ಕಟ್ಟಳೆ ಒಂದೇ: ಮೊದಲ ಮೂರು ಹಾಡು, ಫ್ಲ್ಯಾಶ್ ಇಲ್ಲ. ವೇದಿಕೆಗೂ ಜನರನ್ನು ತಡೆಯುವ ಬೇಲಿಗೂ ನಡುವೆ ಇರುವ ಕಿರಿದಾದ ಓಣಿಗೆ ಪಿಟ್ ಎನ್ನುತ್ತಾರೆ. ಮೂರು ಹಾಡು ಮುಗಿಯಿತೋ, ಕಾವಲುಗಾರ ಭುಜ ತಟ್ಟಿ ಅಲ್ಲಿಂದ ಆಚೆಗೆ ಕಳುಹಿಸುತ್ತಾನೆ. ಹಾಡುಗಳು ಚಿಕ್ಕವಾದರೆ ಸಿಗುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಕತ್ತಲಲ್ಲಿ ತಡಕಾಡುತ್ತಾ ಲೆನ್ಸ್ ಬದಲಿಸುವವನು ಕೆಟ್ಟ. ಜೂಮ್ ಇದ್ದರೆ ಗಾಯಕಿಯ ಕಣ್ಣಿನಿಂದ ಡ್ರಮ್ಮರ್‌ನ ಕೋಲಿನವರೆಗೆ ಒಂದು ತಿರುವು ಸಾಕು. ಪಿಟ್‌ನಲ್ಲಿ ನನ್ನ ಅಕ್ಕಪಕ್ಕ ನಿಂತವರ ಕೈಯಲ್ಲೆಲ್ಲ ಅದೇ ಇತ್ತು. ಹಿಂಡಿನ ಜೊತೆ ಹೋದೆ.

ನಾನು ಯೋಚಿಸದೇ ಬಿಟ್ಟದ್ದು ಇಷ್ಟೇ: ನಾನು ಪತ್ರಿಕೆಗೆ ಒಂದು ರಾತ್ರಿ ಬಂದು ಹೋಗುವವನಲ್ಲ. ತಂಡದ ಜೊತೆಗೇ ಇರುವವನು. ನನಗೆ ಮೂರು ಹಾಡಿನ ಕಟ್ಟಳೆಯೇ ಇಲ್ಲ. ಕೊರಳಿನಲ್ಲಿ ತೂಗುವ ಪಾಸ್ ಇರುವತನಕ ವೇದಿಕೆಯ ಪಕ್ಕ, ಆಂಪ್ಲಿಫೈಯರ್‌ಗಳ ಹಿಂದೆ, ಎಲ್ಲಿ ಬೇಕಾದರೂ ನಿಲ್ಲಬಹುದು. ಇಡೀ ದಿನದಲ್ಲಿ ಅವರು ವೇದಿಕೆಯ ಮೇಲೆ ಇರುವುದು ಒಂದೂವರೆ ಗಂಟೆ. ಮಿಕ್ಕ ಹೊತ್ತೆಲ್ಲ ಪೆಟ್ಟಿಗೆ ಇಳಿಸುವುದು, ಸೌಂಡ್ ಚೆಕ್, ಕಾಯುವುದು, ಮತ್ತೆ ಕಾಯುವುದು, ಪೆಟ್ಟಿಗೆ ಏರಿಸುವುದು, ವ್ಯಾನಿನ ಹಿಂದಿನ ಸೀಟಿನಲ್ಲಿ ಒಬ್ಬರ ಭುಜಕ್ಕೆ ಇನ್ನೊಬ್ಬರು ಒರಗಿ ನಿದ್ದೆ ಹೋಗುವುದು. ರಾಕ್ ಜೀವನವೆಂದರೆ ಬಹುಪಾಲು ಕಾಯುವ ಕೆಲಸ. ಕಾಯುವವರನ್ನು ತೆಗೆಯಲು 200 ಎಂ.ಎಂ. ಬೇಡ.

ಮೊದಲ ಪ್ರವಾಸದ ನಾಲ್ಕನೆಯ ದಿನ ಇದು ಮನದಟ್ಟಾಯಿತು. ಕಲಾವಿದರು ಕಾಯುವ ಗ್ರೀನ್ ರೂಮ್ ಎಂದರೆ ಕೋಣೆಗಿಂತ ಚಿಕ್ಕದು, ಬೀರುವಿಗಿಂತ ದೊಡ್ಡದು. ಡ್ರಮ್ಮರ್ ಕಾರ್ಯಕ್ರಮಕ್ಕೆ ಮುನ್ನ ಬೆರಳುಗಳಿಗೆ ಟೇಪ್ ಸುತ್ತಿಕೊಳ್ಳುತ್ತಾನೆ, ಕೋಲು ಉಜ್ಜಿ ಚರ್ಮ ಏಳದಿರಲಿ ಎಂದು. ತಲೆಯ ಮೇಲೆ ಒಂದೇ ಬಲ್ಬು. ಕ್ಯಾಮೆರಾ ಎತ್ತಿದೆ. ಫೋಕಸ್ ಕೂಡಲಿಲ್ಲ. ನನ್ನ ಜೂಮ್‌ಗೆ ಕನಿಷ್ಠ ಒಂದೂವರೆ ಮೀಟರ್ ದೂರ ಬೇಕು. ಬೆನ್ನು ಆಗಲೇ ಗೋಡೆಗೆ ತಾಗಿತ್ತು. ಆ ದೂರವಿದ್ದರೂ ಏನೂ ಆಗುತ್ತಿರಲಿಲ್ಲ, ಏಕೆಂದರೆ ಒಂದೂವರೆ ಕಿಲೋ ತೂಕದ ಆ ಕೊಳವೆ ತನ್ನತ್ತ ತಿರುಗಿದ್ದು ಕಂಡ ತಕ್ಷಣ ಅವನು ಟೇಪನ್ನು ಪಕ್ಕಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ, ಆಲ್ಬಂ ಮುಖಪುಟದ ಮುಖ ಹಾಕಿಕೊಂಡ. ಆ ಮೂರು ವಾರ ನಾನು ತೆಗೆದದ್ದೆಲ್ಲ ಮುಖಪುಟದ ಮುಖಗಳೇ.

ಮುಂದಿನ ವರ್ಷ ಅದೇ ಮನುಷ್ಯ, ಬೇರೊಂದು ಬೀರುವಿನಂಥ ಕೋಣೆ, 35ರ ಲೆನ್ಸ್. ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತೆ. ಒಮ್ಮೆ ನೋಡಿದ, ಮತ್ತೆ ತನ್ನ ಕೆಲಸಕ್ಕೆ ಹೋದ. ತೋರುಬೆರಳಿನ ಗೆಣ್ಣಿನ ಸುತ್ತ ಟೇಪ್ ನಾಲ್ಕು ಸುತ್ತು. ಐದನೆಯದಕ್ಕೆ ಮೊದಲು ಹಲ್ಲಿನಿಂದ ಕಚ್ಚಿ ಹರಿಯುವಾಗ ತುಟಿ ಒಂದು ಕಡೆ ಎಳೆದುಕೊಂಡಿತು. ಆ ಕ್ಷಣ ಸಿಕ್ಕಿತು. ಜೂಮ್ ಮಾರಿದ್ದು ಸಾರ್ಥಕವಾಯಿತು ಎಂದುಕೊಂಡೆ. ಆ ಚಿತ್ರಕ್ಕೆ ಏನಾಯಿತು ಎಂಬುದು ಮುಂದೆ ಬರುತ್ತದೆ.

ಬೆಳಕಿನ ಲೆಕ್ಕ ಚಿಕ್ಕದು. ಎಫ್/2.8ರಿಂದ ಎಫ್/1.8ಕ್ಕೆ ಇಳಿದರೆ ಒಂದು ಸ್ಟಾಪ್‌ಗಿಂತ, ಅಂದರೆ ದುಪ್ಪಟ್ಟಿಗಿಂತ, ತುಸು ಹೆಚ್ಚು ಬೆಳಕು. ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಒರಟು. ಜೂಮ್‌ನಲ್ಲಿ ಐಎಸ್‌ಒ 6400 ಕೇಳುತ್ತಿದ್ದ ಚಿಕ್ಕ ಕ್ಲಬ್ಬಿನ ವೇದಿಕೆ ಪುಟ್ಟ ಲೆನ್ಸ್‌ನಲ್ಲಿ 2500ಕ್ಕೆ ಒಪ್ಪಿಕೊಂಡಿತು, ಶಟರ್ ಸೆಕೆಂಡಿನ 250ನೇ ಒಂದು ಭಾಗದಲ್ಲೇ ಇದ್ದಾಗ. ಬೆಲೆ ಕೊಡಬೇಕಾದದ್ದು ಫೋಕಸ್‌ನಲ್ಲಿ: 85ನ್ನು ಎಫ್/1.8ಕ್ಕೆ ತೆರೆದರೆ ಮೈಕ್ ಸ್ಪಷ್ಟ, ಗಾಯಕಿಯ ಕಣ್ಣು ಮಸುಕು. ಹೀಗೆ ಎಷ್ಟು ಹಾಳು ಮಾಡಿದ್ದೇನೋ.

ಶಾರ್ಪ್‌ನೆಸ್ ವಿಷಯದಲ್ಲಿ ಎರಡೂ ನನ್ನ ಕೈನಡುಕಕ್ಕಿಂತ ಮೇಲು.

ಇನ್ನು ವೇದಿಕೆಯ ಎಲ್‌ಇಡಿ ದೀಪಗಳು. ಇವು ಯಾವ ಲೆನ್ಸಿಗೂ ಕರುಣೆ ತೋರುವುದಿಲ್ಲ. ಬರೀ ನೀಲಿ ಬೆಳಕು ಬಿಟ್ಟರೆ ನೀಲಿಯ ಚಾನೆಲ್ ಒಂದೇ ಉಕ್ಕಿ ಹರಿದು, ಮುಖ ಪ್ಲಾಸ್ಟಿಕ್ ಗೊಂಬೆಯದಾಗುತ್ತದೆ. ಕ್ಯಾಮೆರಾ ತಿದ್ದದೆ ಉಳಿಸಿದ ರಾ ಫೈಲ್ ಇದ್ದರೆ ಕಪ್ಪು ಬಿಳುಪಿಗೆ ತಿರುಗಿಸಿ ಮಾನ ಉಳಿಸಿಕೊಳ್ಳಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರಂತೂ, ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹತ್ತುವ ಆ ದೀಪಗಳು ಚಿತ್ರದ ಉದ್ದಕ್ಕೂ ಅಡ್ಡಪಟ್ಟಿ ಎಳೆಯುತ್ತವೆ. ಡ್ರಮ್ಸ್ ಬಾರಿಸುವ ಜಾಗದಲ್ಲಿ ಶಟರ್ ಸದ್ದು ಯಾರಿಗೆ ಕೇಳಬೇಕು? ಮೆಕ್ಯಾನಿಕಲ್ ಶಟರ್ ಹಾಕಿ, ಕಿವಿಗೆ ಇಯರ್‌ಪ್ಲಗ್ ತುರುಕಿಕೊಂಡು ಕೆಲಸ ಮಾಡಿ.

ಈಗ ನನ್ನ ಮೆಚ್ಚಿನ ಜೋಡಿಯ ಮೇಲಿನ ದೂರು. ಒಂದೇ ದೂರು, ಆದರೆ ಅದಕ್ಕೆ ಬಲಿಯಾದದ್ದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಎರಡು ಲೆನ್ಸ್ ಎಂದರೆ ಎರಡು ಬಾಡಿ, ಇಲ್ಲದಿದ್ದರೆ ಕತ್ತಲಲ್ಲಿ, ಹೊಗೆಯ ಯಂತ್ರದ ಮುಂದೆ ಲೆನ್ಸ್ ಬದಲಿಸುತ್ತಾ, ಚಿತ್ರ ಹಿಡಿಯುವ ಸೆನ್ಸರನ್ನು ಬಾಯಿ ತೆರೆದು ಹಿಡಿಯಬೇಕು. ಎರಡೂ ಒಂದೇ ಮಾದರಿಯಾದ್ದರಿಂದ ಬ್ಯಾಟರಿ, ಗುಂಡಿ, ಮೆನು ಎಲ್ಲ ಒಂದೇ ಎಂದು ಹಿಗ್ಗಿದ್ದೆ. ಒಂದೇ ಆಗಿದ್ದ ಇನ್ನೊಂದು ಸಂಗತಿ ಗಮನಕ್ಕೆ ಬಂದಿರಲಿಲ್ಲ: ಫೈಲುಗಳ ಹೆಸರು. ಮುಂದೆ ಅವೇ ಅಕ್ಷರಗಳು, ಹಿಂದೆ ನಾಲ್ಕು ಅಂಕಿ, 0001ರಿಂದ 9999. ಪ್ರವಾಸ ಹೊರಟಾಗ 35 ಇದ್ದ ಬಾಡಿ 3900ರ ಆಸುಪಾಸಿನಲ್ಲಿತ್ತು, 85 ಇದ್ದದ್ದು 2200ರಲ್ಲಿ. ವೇದಿಕೆಯ ಚಿತ್ರಗಳೆಲ್ಲ 85ರಲ್ಲಿ ಸರಣಿಯಾಗಿ ಹೊಡೆಯುವಂಥವು, ಅದರ ಲೆಕ್ಕ ಬೇಗ ಏರುತ್ತದೆ. ಮೊಲವೂ ಆಮೆಯೂ ಓಡುತ್ತಿದ್ದವು, ನನಗೆ ಪಂದ್ಯ ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ. ಏಳನೆಯ ರಾತ್ರಿ ಒಂದು ಇನ್ನೊಂದನ್ನು ಹಿಡಿಯಿತು.

ರಾತ್ರಿ ಎರಡು ಗಂಟೆ, ವ್ಯಾನ್ ಹೆದ್ದಾರಿಯಲ್ಲಿದೆ, ಲ್ಯಾಪ್‌ಟಾಪ್ ತೊಡೆಯ ಮೇಲಿದೆ. ಆ ದಿನದ ಹೆಸರಿನ ಒಂದೇ ಫೋಲ್ಡರ್. 35ರ ಕಾರ್ಡನ್ನು ಅದರೊಳಗೆ ಸುರಿದೆ. ಆಮೇಲೆ 85ರ ಕಾರ್ಡ್. ಅರ್ಧ ದಾರಿಯಲ್ಲಿ ಕಾರ್ಡ್ ರೀಡರಿನ ತಂತಿ ಕಿತ್ತುಬಂತು, ರಸ್ತೆಯ ಉಬ್ಬಿನ ದಯೆ. ಮತ್ತೆ ಚುಚ್ಚಿ ಮೊದಲಿನಿಂದ ನಕಲು ಹಾಕಿದೆ. ಇದೇ ಹೆಸರಿನ ಫೈಲ್ ಆಗಲೇ ಇದೆ, ಬದಲಾಯಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಅರ್ಧಕ್ಕೆ ನಿಂತ ನಕಲಿನ ವಿಷಯವನ್ನೇ ಕೇಳುತ್ತಿದೆ ಎಂದುಕೊಂಡು ಹೌದು ಎಂದೆ. ಎಲ್ಲದಕ್ಕೂ ಹೌದು ಎನ್ನುವ ಚೌಕಕ್ಕೂ ಗುರುತು ಹಾಕಿದೆ. ಎರಡೂ ಕಾರ್ಡುಗಳನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಮಲಗಿದೆ. ನೆಮ್ಮದಿಯ ನಿದ್ದೆ.

ಟೇಪ್ ಕಚ್ಚುವ ಡ್ರಮ್ಮರ್ ಇದ್ದದ್ದು ಆ ದಿನದ 35ರ ಕಾರ್ಡಿನಲ್ಲಿ. ಅವನಿದ್ದ ಹೆಸರಿನ ಮೇಲೆ ಈಗ ಬಾಸ್ ಗಿಟಾರ್‌ನವನ ಮಸುಕಾದ ಮೊಣಕೈ ಬಂದು ಕುಳಿತಿತ್ತು. ಒಟ್ಟು ನಲವತ್ತೊಂದು ಚಿತ್ರ ಹೀಗೆ ಹೋದವು. ಗೊತ್ತಾದದ್ದು ಎರಡು ದಿನದ ಮೇಲೆ, ಟೂರ್ ಮ್ಯಾನೇಜರ್ "ಆ ಟೇಪಿನ ಫೋಟೋ ಎಲ್ಲಿ, ಎಲ್ಲರೂ ಕೇಳುತ್ತಿದ್ದಾರೆ" ಎಂದಾಗ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಕಾರ್ಡಿನಲ್ಲಿದ್ದದ್ದು ಸಾಮಾನ್ಯವಾಗಿ ಅಳಿಯುವುದಿಲ್ಲ, ಅದರ ಮೇಲೆ ಹೊಸದನ್ನು ಬರೆದಾಗ ಅಳಿಯುತ್ತದೆ. ಎರಡು ದಿನ ನಾನು ಶ್ರದ್ಧೆಯಿಂದ ಬರೆದಿದ್ದೆ. ರಿಕವರಿ ತಂತ್ರಾಂಶ ಹದಿನಾಲ್ಕನ್ನು ಹೊರಗೆ ಎಳೆಯಿತು. ಟೇಪಿನದು ಅರ್ಧ ಬಂತು: ಮೇಲೆ ಹಲ್ಲು, ಎಳೆದ ತುಟಿ, ಟೇಪಿನ ತುದಿ; ಕೆಳಗೆ ಬೆರಳುಗಳಿರಬೇಕಾದಲ್ಲಿ ಬೂದು ಬಣ್ಣದ ಪಟ್ಟಿ.

ಇದು ಸಾಲದೆಂಬಂತೆ ಎರಡು ಕ್ಯಾಮೆರಾಗಳ ಗಡಿಯಾರಕ್ಕೂ ಆರು ನಿಮಿಷದ ಅಂತರ. ಸಮಯದ ಪ್ರಕಾರ ಜೋಡಿಸಿದರೆ ಗಾಯಕಿ ವೇದಿಕೆಯಿಂದ ಇಳಿದು ಬೆವರು ಒರೆಸಿಕೊಂಡು, ಆಮೇಲೆ ಕೊನೆಯ ಹಾಡು ಹಾಡುತ್ತಾಳೆ. ಈಗ ದಿನಾ ಬೆಳಿಗ್ಗೆ ಮೊಬೈಲಿನ ಗಡಿಯಾರವನ್ನು ಎರಡೂ ಕ್ಯಾಮೆರಾದಲ್ಲಿ ಒಂದೊಂದು ಫೋಟೋ ತೆಗೆದುಕೊಳ್ಳುತ್ತೇನೆ. ವ್ಯತ್ಯಾಸ ಎಷ್ಟೆಂದು ಅಲ್ಲೇ ಸಾಕ್ಷಿ ಸಿಗುತ್ತದೆ. ಫೈಲ್ ಹೆಸರಿನ ಮುಂದಿನ ಅಕ್ಷರಗಳನ್ನೂ ಬೇರೆ ಬೇರೆ ಮಾಡಿದ್ದೇನೆ. ಆ ಸೌಲಭ್ಯ ಮೆನುವಿನ ಮೂರನೆಯ ಪುಟದಲ್ಲಿ ಮೊದಲಿನಿಂದಲೂ ಇತ್ತು, ಅದು ಇನ್ನೊಂದು ನೋವು. ಕಾರ್ಡ್‌ಗೆ ಫಾರ್ಮ್ಯಾಟ್ ಭಾಗ್ಯ ಎರಡು ಕಡೆ ನಕಲಾದ ಮೇಲೆಯೇ.

ಜೂಮ್ ಇದ್ದಿದ್ದರೆ ಒಂದೇ ಬಾಡಿ, ಒಂದೇ ಕಾರ್ಡ್, ಇದ್ಯಾವುದೂ ಆಗುತ್ತಿರಲಿಲ್ಲ. ಒಪ್ಪುತ್ತೇನೆ. ಆದರೆ ಜೂಮ್ ಇದ್ದಿದ್ದರೆ ಕಳೆದುಕೊಳ್ಳಲು ಆ ಚಿತ್ರವೂ ಇರುತ್ತಿರಲಿಲ್ಲ.

ಈ ಹತ್ತಿರ ಹೋಗುವ ಹುಚ್ಚು ನನ್ನದೊಂದೇ ಅಲ್ಲ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಬೀಟಲ್ಸ್ ತಮ್ಮ ಕೊನೆಯ ಟಿಕೆಟ್ ಕಾರ್ಯಕ್ರಮ ಕೊಟ್ಟಾಗ ವೇದಿಕೆಯ ಹಿಂದೆಯೂ ಓಡಾಡಿದ ಛಾಯಾಗ್ರಾಹಕ ಜಿಮ್ ಮಾರ್ಷಲ್ ಕೊರಳಿಗೆ ಲೈಕಾ ಕ್ಯಾಮೆರಾಗಳನ್ನು ನೇತುಹಾಕಿಕೊಂಡು ಕೆಲಸ ಮಾಡಿದವರು. ಪೂರ್ತಿ ಪ್ರವೇಶ ಕೊಡದಿದ್ದರೆ ಬರುವುದಿಲ್ಲ ಎನ್ನುವ ಹಟ ಅವರದು. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂನಲ್ಲಿ ದಿ ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ ಬಾಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸಿದಾಗ ಛಾಯಾಗ್ರಾಹಕಿ ಪೆನ್ನಿ ಸ್ಮಿತ್ ವೇದಿಕೆಯ ಪಕ್ಕದಲ್ಲೇ ಇದ್ದರು. ಫೋಕಸ್ ತಪ್ಪಿದೆ, ಬೇಡ ಎಂದು ಅವರೇ ಹೇಳಿದ ಚಿತ್ರ ಆ ವರ್ಷದ ಆಲ್ಬಂನ ಮುಖಪುಟವಾಯಿತು. ನನ್ನ ಮಸುಕು ಮೊಣಕೈಗೆ ಅಂಥ ಯೋಗವಿಲ್ಲ, ಬಿಡಿ.

ತೂಕ: ಎರಡು ಪುಟ್ಟ ಲೆನ್ಸ್ ಸೇರಿದರೂ ಜೂಮ್‌ನ ಅರ್ಧಕ್ಕೆ ಬರುವುದಿಲ್ಲ. ಇನ್ನೊಂದು ಬಾಡಿ ಸೇರಿಸಿದರೆ ಉಳಿತಾಯ ಹೆಚ್ಚೇನಲ್ಲ, ಆದರೆ ಭಾರ ಎರಡು ಭುಜಕ್ಕೆ ಹಂಚಿಹೋಗುತ್ತದೆ. ಜೂಮ್‌ನ ಹೊಟ್ಟೆಗೆ ಕಟ್ಟಿದ್ದ ಟ್ರೈಪಾಡ್ ಕಾಲರ್‌ನ (ಮುಕ್ಕಾಲಿಗೆ ಕೂರಿಸುವ ಬಳೆಯ) ಸ್ಕ್ರೂ ಬೇರೆ ಸದಾ ಸಡಿಲ. ಅದಕ್ಕೆ ಗ್ಯಾಫರ್ ಟೇಪ್, ಅಂದರೆ ವೇದಿಕೆಯವರು ಬಳಸುವ ಗಟ್ಟಿ ಬಟ್ಟೆಯ ಟೇಪ್, ಸುತ್ತಿದ್ದೆ. ರಾಕ್ ಪ್ರವಾಸದಲ್ಲಿ ಗ್ಯಾಫರ್ ಟೇಪ್‌ಗೆ ಬಗ್ಗದ ಕಾಯಿಲೆ ಕಡಿಮೆ.

ಜೂಮ್ ಎಲ್ಲಿ ನನ್ನ ಬಾಯಿ ಮುಚ್ಚಿಸುತ್ತದೆ ಎಂದರೆ ಬಯಲಿನ ಉತ್ಸವಗಳಲ್ಲಿ. ವೇದಿಕೆ ಆಳೆತ್ತರ, ತಂಡಕ್ಕೆ ತಮ್ಮದೇ ಸದ್ದು ಕೇಳಿಸುವ ಮಾನಿಟರ್ ಸ್ಪೀಕರ್‌ಗಳ ಸಾಲು ಅಡ್ಡ, ಡ್ರಮ್ಮರ್ ಹತ್ತು ಮೀಟರ್ ಒಳಗೆ. 85ರಲ್ಲಿ ಅವನು ಕಡಲೆಕಾಳು. ವೇದಿಕೆಯ ಮೇಲೆ ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಅಲ್ಲಿಯವರು ಹೇಳಿದರೆ ನನ್ನ ಪಾಸೂ ಕಾಗದದ ಚೂರೇ. ನೀವು ವರ್ಷವಿಡೀ ಉತ್ಸವಗಳಿಗೆ ಹೋಗುವವರಾದರೆ, ಮೂರು ಹಾಡಿನ ಮೇಲೆ ಮನೆಗೆ ಹೋಗುವವರಾದರೆ, ನಾನು ಬರೆದದ್ದನ್ನೆಲ್ಲ ಮರೆತು ಜೂಮ್ ಕೊಳ್ಳಿ. ವ್ಯಾನಿನಲ್ಲಿ ನಿದ್ದೆ ಮಾಡುವವರಾದರೆ, ಕೈಯಲ್ಲಿ ಹಣವೂ ಎಣಿಸಿದಷ್ಟೇ ಇದ್ದರೆ, ಮೊದಲು 35 ತೆಗೆದುಕೊಳ್ಳಿ. 85 ಆರು ತಿಂಗಳು ಕಾಯಬಲ್ಲದು, ಎರಡನೆಯ ಬಾಡಿಯೂ.

ಎರಡನೆಯ ಪ್ರವಾಸದಲ್ಲಿ ಅಂಥ ಉತ್ಸವ ಒಂದಿತ್ತು, ಕೊನೆಯ ದಿನ. ನನ್ನ ಜೂಮ್ ಕೊಂಡವನು ಉತ್ಸವಗಳನ್ನೇ ಸುತ್ತುವವನು. ಆ ದಿನ ಅವನೂ ಅಲ್ಲಿದ್ದ. ಎರಡು ಹಾಡಿನ ಮಟ್ಟಿಗೆ ಕೇಳಿ ಪಡೆದೆ. ಡ್ರಮ್ಮರ್ ಚೌಕಟ್ಟಿನ ತುಂಬ ಬಂದ, ಬೆರಳಿನ ಟೇಪೂ ಕಂಡಿತು. ಕಾಲರ್‌ನ ಸ್ಕ್ರೂ ಇನ್ನೂ ಸಡಿಲವಾಗಿಯೇ ಇತ್ತು, ಮೇಲೆ ನಾನು ಸುತ್ತಿದ್ದ ಟೇಪ್ ಹಾಗೆಯೇ.